ನಾಯಿ ತಿನ್ನಬಾರದ್ದು ತಿಂದರೆ ಏನು ಮಾಡಬೇಕು?

ನಾಯಿಯು ಸಾಕುಪ್ರಾಣಿ. ಅದು ಮನೆ, ಹೊಲ, ಕುರಿ ಹಿಂಡು ಕಾಯುತ್ತದೆ. ನಾವು ಉಂಡು ಉಳಿದ ರೊಟ್ಟಿ, ಅನ್ನ ಹಾಕಿದರೆ ತಿಂದುಕೊಂಡು ಇರುತ್ತದೆ. ಆದರೆ ನಮಗೆ ರುಚಿಯಾದದ್ದೆಲ್ಲ ಅದಕ್ಕೆ ಒಗ್ಗುವುದಿಲ್ಲ.

ಮೊದಲು ಉಳ್ಳಾಗಡ್ಡಿ. ಇದು ಇಲ್ಲದೆ ನಮ್ಮ ಕಡೆ ಪಲ್ಯವೇ ಆಗೋದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕುದಿಸಿದರೂ ಕರಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ತಿಂದರೆ ಅಪಾಯ. ನೀವೇ ಲೆಕ್ಕ ಮಾಡ್ರಿ. 10 ಕಿಲೋ ನಾಯಿಗೆ 150 ಗ್ರಾಂ, ಅಂದರೆ ಒಂದು ದೊಡ್ಡ ಗಡ್ಡಿ ಸಾಕು! ಮದುವೆ ಮನೆ ಹಿಂದೆ ಚೆಲ್ಲಿದ ಭಜಿ, ಪಲ್ಯದಲ್ಲಿ ಅಷ್ಟು ಇರಬಹುದು. ಅವತ್ತು ನಾಯಿ ಚಂದ ಓಡಾಡ್ತದ. ಮೂರ್ನಾಲ್ಕು ದಿನದ ಮ್ಯಾಲೆ ಸುಸ್ತಾಗಿ ಮಲಗ್ತದ, ವಸಡು ಬೆಳ್ಳಗಾಗ್ತದ, ಉಚ್ಚಿ ಕೆಂಪಗ ಬರ್ತದ. ಆಗ ಜನ ದೃಷ್ಟಿ ತಾಗ್ಯದ ಅಂತಾರ. ಉಳ್ಳಾಗಡ್ಡಿ ಯಾರಿಗೂ ನೆನಪೇ ಇರೋದಿಲ್ಲ.

ಚಾಕೊಲೇಟು, ಚಹಾಪುಡಿ ಎದೆಬಡಿತ ಏರಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ತಿಳಿಸಿದರು. ಈ ಆಮ್ಲ ಹುಣಸೆಹಣ್ಣಿನಲ್ಲಿ ಬಹಳ ಇದೆ.

ಇಲ್ಲೇ ಮುಖ್ಯ ಮಾತು. ನಾಯಿ ಏನಾದರೂ ತಿಂದರೆ ಕೆಲವರು ಹುಣಸೆಹುಳಿ ನೀರು, ಇಲ್ಲಾ ಉಪ್ಪಿನ ನೀರು ಗೊಟ್ಟದಿಂದ ಹೊಯ್ದು ವಾಂತಿ ಮಾಡಿಸ್ತಾರ. ದಯವಿಟ್ಟು ಹೊಯ್ಯಬ್ಯಾಡ್ರಿ. ಹುಳಿಯಿಂದ ಮೂತ್ರಪಿಂಡಕ್ಕೆ ಪೆಟ್ಟು. ಉಪ್ಪು ಹೆಚ್ಚಾದರೆ ಮೆದುಳಿಗೆ ತೊಂದರೆಯಾಗಿ ಸೆಳವು ಬರುತ್ತದೆ. ಎಚ್ಚರ ತಪ್ಪಿದ ನಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೇ ಹೋಗಬಹುದು.

ಉಳಿದದ್ದನ್ನು ಅದರ ಮುಂದಿನಿಂದ ತೆಗೆಯಿರಿ. ಏನು ತಿಂತು, ಎಷ್ಟು ತಿಂತು, ಎಷ್ಟು ಗಂಟೆಗೆ ತಿಂತು ಎಂದು ಚೀಟಿಯಲ್ಲಿ ಬರೆಯಿರಿ. ಚಾಕೊಲೇಟಿನ ಹಾಳೆ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ನೋವಿನ ನಾಯಿ ಸಾಕಿದವರನ್ನೂ ಕಚ್ಚಬಹುದು, ಅದಕ್ಕೆ ದೊಡ್ಡವರೇ ಹಿಡಿಯಲಿ. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು ಅಥವಾ 1962ಕ್ಕೆ ಫೋನ್ ಮಾಡಿ ಕೇಳಬೇಕು. ತಿಂದು ಎರಡು ತಾಸಿನೊಳಗೆ ಹೋದರೆ ಡಾಕ್ಟರು ಸೂಜಿ ಕೊಟ್ಟು ವಾಂತಿ ಮಾಡಿಸಬಹುದು. ತಡವಾದರೆ ತಿಂದದ್ದು ಕರುಳಿಗೆ ಇಳಿದಿರುತ್ತದೆ. ಉಳ್ಳಾಗಡ್ಡಿ ತಿಂದ ನಾಯಿ ಕುಣಿದಾಡ್ತಿದ್ದರೂ ಐದಾರು ದಿನ ದಿನಾಲೂ ಅದರ ವಸಡು ನೋಡ್ರಿ.