ನಾಯಿಯ ತುರಿಕೆಯೂ ಕೋಳಿಯ ಮೇಲಿನ ಆರೋಪವೂ

ಸಿಂಗಪುರದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದರೆ ಕ್ಷಮಿಸಿ, ಇಲ್ಲಿ ಮಳೆಗೆ ಇಂಥದ್ದೇ ಕಾಲ ಅಂತ ಇಲ್ಲ. ಈ ಮಾತಿಗೂ ಇವತ್ತಿನ ವಿಷಯಕ್ಕೂ ಸಂಬಂಧ ಇದೆ, ಆಮೇಲೆ ಬರ್ತೀನಿ.

ನಮ್ಮ ಮನೇಲಿ ಬೆಲ್ಲ ಅಂತ ಒಂದು ನಾಯಿ ಇದೆ. ಬಣ್ಣ ನೋಡಿ ಇಟ್ಟ ಹೆಸರು. ಇಲ್ಲಿನವರು 'ಸಿಂಗಪುರ ಸ್ಪೆಷಲ್' ಅಂತ ಪ್ರೀತಿಯಿಂದ ಕರೆಯೋ ಮಿಶ್ರ ತಳಿ, ನಮ್ಮೂರಿನ ಬೀದಿನಾಯಿಯ ದೂರದ ನೆಂಟ ಅನ್ನಿ. ಎರಡು ವರ್ಷ ತುಂಬೋ ಹೊತ್ತಿಗೆ ಅದು ಪಂಜ ನೆಕ್ಕೋಕೆ ಶುರು ಮಾಡ್ತು. ಆಮೇಲೆ ಕಿವಿ ಕೆರೆತ, ತೊಡೆ ಸಂದಿಯಲ್ಲಿ ಕೆಂಪು. ರಾತ್ರಿ ಎರಡು ಗಂಟೆಗೆ ಅದರ ಕೊರಳಪಟ್ಟಿಯ ಗೆಜ್ಜೆ ಸದ್ದಿಗೆ ಮನೆಯವರೆಲ್ಲ ಎದ್ದು ಕೂರೋದು. ಕೆರೆದು ಕೆರೆದು ಕಿವಿಯ ಹಿಂದೆ ಗಾಯ, ಗಾಯಕ್ಕೆ ಸೋಂಕು, ಸೋಂಕಿಗೆ ಆಂಟಿಬಯೋಟಿಕ್.

ಪಾರ್ಕಿನಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ಕೋಳಿ ಬಿಡಿಸಿ." ಬಿಡಿಸಿದೆ. ಮೊದಲು ಕುರಿಮಾಂಸದ ಒಣ ಆಹಾರ, ಮೂರು ವಾರ ಬಿಟ್ಟು ಸಾಲ್ಮನ್, ಆಮೇಲೆ ಧಾನ್ಯವೇ ಇಲ್ಲದ ಬಾತುಕೋಳಿ. ಹನ್ನೊಂದು ತಿಂಗಳು ಹೀಗೇ ಕಳೆದೆ. ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವಳು ನಾನು, ಪ್ರಯೋಗಾಲಯದಲ್ಲಿ ಕಂಟ್ರೋಲ್ ಇಲ್ಲದ ಪ್ರಯೋಗ ಕಂಡರೆ ವಿದ್ಯಾರ್ಥಿಗಳ ಮೇಲೆ ರೇಗೋಳು. ಮನೇಲಿ ಮಾಡಿದ್ದು ಅದೇ ತಪ್ಪು.

ಈಗ ವಿಷಯಕ್ಕೆ ಬರೋಣ. ಆಹಾರದ ಅಲರ್ಜಿ ಅಂದರೆ ರೋಗನಿರೋಧಕ ವ್ಯವಸ್ಥೆ ತಿಂಡಿಯಲ್ಲಿರೋ ಒಂದು ನಿರುಪದ್ರವಿ ಪ್ರೋಟೀನನ್ನು ಶತ್ರು ಅಂತ ತಪ್ಪಾಗಿ ಗುರುತಿಸೋದು. ಹಾಗಾಗಿ ಆ ಪ್ರೋಟೀನನ್ನು ಮೊದಲೇ ತಿಂದಿರಬೇಕು. ವರ್ಷಗಟ್ಟಲೆ ತಿಂದದ್ದೇ ಒಂದು ದಿನ ಆಗದೇ ಹೋಗಬಹುದು. "ಇಷ್ಟು ದಿನ ತಿಂತಾ ಇತ್ತಲ್ಲ, ಅದರಿಂದ ಆಗಿರಲ್ಲ" ಅನ್ನೋ ವಾದ ಆದ್ದರಿಂದಲೇ ನಿಲ್ಲಲ್ಲ.

ಯಾವ ಪ್ರೋಟೀನ್? 2016ರಲ್ಲಿ ಮುಲ್ಲರ್, ಓಲಿವ್ರಿ, ಪ್ರೆಲೋ ಎಂಬ ಮೂವರು ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 297 ನಾಯಿಗಳ ಲೆಕ್ಕ ಹಾಕಿದರು. ದನದ ಮಾಂಸಕ್ಕೆ ಅಲರ್ಜಿ ಇದ್ದವು ಶೇ. 34. ಹಾಲಿನ ಪದಾರ್ಥಗಳಿಗೆ ಶೇ. 17, ಕೋಳಿಗೆ ಶೇ. 15, ಗೋಧಿಗೆ ಶೇ. 13. ಅಕ್ಕಿಗೆ ಶೇ. 2 ಅಷ್ಟೇ. ಆದರೆ ಈ ಅಂಕಿಗಳು ದನದ ಮಾಂಸ 'ಕೆಟ್ಟದ್ದು' ಅಂತ ಹೇಳ್ತಿಲ್ಲ. ಆ ದೇಶಗಳ ನಾಯಿಗಳು ಹೆಚ್ಚಾಗಿ ಏನು ತಿಂತಿದ್ದವೋ ಅದರ ನೆರಳೂ ಇದರಲ್ಲಿ ಇದೆ. ಮೊಸರನ್ನ ತಿಂದು ಬೆಳೆದ ಮೈಸೂರಿನ ನಾಯಿಯ ಪಟ್ಟಿಯೇ ಬೇರೆ ಇರಬಹುದು. ಎರಡನೇ ಸ್ಥಾನದಲ್ಲಿ ಹಾಲು ಇರೋದನ್ನ ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಬೇಕಾಗುತ್ತೆ.

ಧಾನ್ಯದ ಬಗ್ಗೆ ಒಂದು ಮಾತು. 'ನಾಯಿ ತೋಳದ ವಂಶ, ಅದಕ್ಕೆ ಧಾನ್ಯ ಆಗಲ್ಲ' ಅಂತ ಪ್ಯಾಕೆಟ್ ಮೇಲೆ ತೋಳದ ಚಿತ್ರ ಹಾಕಿ ಮಾರ್ತಾರೆ. ಪಿಷ್ಟ ಅರಗಿಸೋ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಅಂತ 2013ರಲ್ಲೇ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಮನುಷ್ಯನ ಜೊತೆ ಬಾಳಿ ಅನ್ನ ತಿನ್ನೋದನ್ನ ಕಲಿತ ಪ್ರಾಣಿ ಅದು. ಇನ್ನೊಂದು ಕಡೆ, ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಸ್ನಾಯುವಿನ ಒಂದು ಕಾಯಿಲೆಗೂ ನಂಟಿರಬಹುದಾ ಅಂತ ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡ್ತು. ಕಾರಣ ಖಚಿತವಾಗಿಲ್ಲ. ಆದರೂ ಗೋಧಿಗೆ ಅಲರ್ಜಿ ಇದೆ ಅಂತ ಸಾಬೀತಾಗದೆ ಧಾನ್ಯ ಬಿಡಿಸೋಕೆ ನನಗಂತೂ ಕಾರಣ ಕಾಣಲ್ಲ.

ಈಗ ಮಳೆಯ ಮಾತು. ತುರಿಕೆ ಇರೋ ಎಲ್ಲ ನಾಯಿಗೂ ಆಹಾರದ ಅಲರ್ಜಿ ಇರಲ್ಲ. ಚಿಗಟ ಇರಬಹುದು, ಗಾಳಿ-ಧೂಳಿನ ಅಲರ್ಜಿ ಇರಬಹುದು. ಚಳಿ ದೇಶಗಳಲ್ಲಿ ವೈದ್ಯರಿಗೆ ಒಂದು ಸುಳಿವು ಸಿಗುತ್ತೆ: ಪರಾಗದ ಅಲರ್ಜಿ ವಸಂತದಲ್ಲಿ ಬಂದು ಚಳಿಗಾಲದಲ್ಲಿ ಹೋಗುತ್ತೆ, ಆಹಾರದ್ದು ವರ್ಷವಿಡೀ ಇರುತ್ತೆ. ಸಿಂಗಪುರದಲ್ಲಿ ಈ ಸುಳಿವೇ ಇಲ್ಲ. ಇಲ್ಲಿ ಗಾಳಿಯ ತೇವಾಂಶ ಸರಾಸರಿ ಶೇ. 80ರ ಮೇಲೆ. ಹಾಸಿಗೆಯಲ್ಲಿ, ಸೋಫಾದಲ್ಲಿ ಬದುಕೋ ಧೂಳಿನ ನುಸಿಗೆ ಇದು ಸ್ವರ್ಗ. ಸಿಂಗಪುರದ ಜನರ ಮೇಲೆ ನಡೆದ ಅಧ್ಯಯನಗಳಲ್ಲೂ ಮೂಗು ಮತ್ತು ಶ್ವಾಸದ ಅಲರ್ಜಿಯ ಮುಖ್ಯ ಆರೋಪಿ ಇದೇ ನುಸಿ. ನುಸಿಗೆ ರಜೆ ಇಲ್ಲ, ಚಿಗಟಕ್ಕೂ ಇಲ್ಲ. ಹೀಗಾಗಿ ಮೂರೂ ಕಾಯಿಲೆಯ ತುರಿಕೆ ವರ್ಷವಿಡೀ ಇರುತ್ತೆ. ಮಂಗಳೂರು, ಉಡುಪಿ, ಕಾಸರಗೋಡಿನ ಕೇಳುಗರಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತೆ.

"ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗಲ್ವಾ?" ಅಂತ ಕೇಳ್ತೀರಿ. ಆಹಾರದ ಅಲರ್ಜಿಗೆ ಅದನ್ನ ನೆಚ್ಚೋಕೆ ಆಗಲ್ಲ. ಒಂದು ಕಾರಣ, ನಾಯಿಗಳಲ್ಲಿ ಎಲ್ಲ ಪ್ರತಿಕ್ರಿಯೆಯೂ ರಕ್ತದಲ್ಲಿ ಅಳೆಯೋ ಪ್ರತಿಕಾಯದಿಂದ ಆಗಲ್ಲ. ಟಿ-ಕೋಶಗಳು ನಿಧಾನವಾಗಿ ನಡೆಸೋ ಪ್ರತಿಕ್ರಿಯೆಯೂ ಇದೆ. ಕೂದಲು, ಎಂಜಲು ಕಳಿಸಿ ಮಾಡಿಸೋ ಪರೀಕ್ಷೆಗಳ ಕಥೆ ಇನ್ನೂ ಮಜವಾಗಿದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ನಿಜವಾದ ನಾಯಿಗಳ ಮಾದರಿ ಜೊತೆಗೆ ಆಟದ ಗೊಂಬೆ ನಾಯಿಯ ನಾರನ್ನೂ ಉಪ್ಪುನೀರನ್ನೂ ಕಳಿಸಿದರು. ಗೊಂಬೆಗೂ ಅಲರ್ಜಿ ಇದೆ ಅಂತ ವರದಿ ಬಂತು! ನಾನೂ ಅಂಥದ್ದೊಂದು ಕಿಟ್‌ಗೆ ದುಡ್ಡು ಸುರಿದಿದ್ದೆ, ಯಾವುದು ಅಂತ ಹೇಳಲ್ಲ.

ಹಾಗಾದರೆ ಉಳಿದಿರೋ ದಾರಿ ಒಂದೇ. ನಾಯಿ ಇದುವರೆಗೆ ತಿಂದ ಎಲ್ಲವನ್ನೂ ಬಿಡಿಸಿ, ಎಂಟು ವಾರ ಬೇರೆ ಒಂದೇ ಆಹಾರ ಕೊಡೋದು. ಎಂಟೇ ಯಾಕೆ? ಮೇಲೆ ಹೇಳಿದ ಅದೇ ಮೂವರು 2015ರಲ್ಲಿ ಲೆಕ್ಕ ಹಾಕಿದರು: ಆಹಾರದ ಅಲರ್ಜಿ ಇರೋ ನಾಯಿಗಳಲ್ಲಿ ಶೇ. 80ಕ್ಕೂ ಹೆಚ್ಚು ಐದು ವಾರದಲ್ಲಿ, ಶೇ. 90ಕ್ಕೂ ಹೆಚ್ಚು ಎಂಟು ವಾರದಲ್ಲಿ ಸುಧಾರಿಸ್ತವೆ. ನಾನು ಮೂರು ವಾರಕ್ಕೊಂದು ಪ್ಯಾಕೆಟ್ ಬದಲಾಯಿಸ್ತಾ ಇದ್ದೆನಲ್ಲ, ಉತ್ತರ ಬರೋ ಮೊದಲೇ ಪ್ರಶ್ನೆಪತ್ರಿಕೆ ಹರಿದು ಹಾಕ್ತಿದ್ದೆ.

ಆ ಎಂಟು ವಾರಕ್ಕೆ ಯಾವ ಆಹಾರ? ಮೊದಲ ಆಯ್ಕೆ ಹೈಡ್ರೊಲೈಸ್ಡ್ ಆಹಾರ, ಅಂದರೆ ಪ್ರೋಟೀನನ್ನು ಕಿಣ್ವಗಳಿಂದ ಚೂರು ಚೂರು ಮಾಡಿದ್ದು. ಮಲೆನಾಡಿನ ಸಂಕ ಗೊತ್ತಲ್ಲ, ಹಳ್ಳದ ಮೇಲೆ ಹಾಕೋ ಮರದ ದಿಮ್ಮಿ. ಅದರ ಎರಡೂ ತುದಿ ಎರಡು ದಡಕ್ಕೆ ತಾಗಿದರೆ ಮಾತ್ರ ದಾಟಬಹುದು. ಮಾಸ್ಟ್ ಕೋಶದ ಮೇಲಿರೋ ಎರಡು ಪ್ರತಿಕಾಯಗಳನ್ನು ಒಂದೇ ಪ್ರೋಟೀನ್ ತುಂಡು ಹೀಗೆ ಜೋಡಿಸಿದಾಗ ಹಿಸ್ಟಮಿನ್ ಚೆಲ್ಲುತ್ತೆ. ದಿಮ್ಮಿಯನ್ನು ಸೌದೆ ಚೂರು ಮಾಡಿದರೆ ಸಂಕ ಆಗಲ್ಲ. ಆದರೆ ಎಲ್ಲ ಬ್ರ್ಯಾಂಡಿನವರೂ ಅಷ್ಟೇ ಸಣ್ಣಗೆ ಸೀಳಿರಲ್ಲ. ಟಿ-ಕೋಶಗಳಿಗೆ ಸಣ್ಣ ಚೂರೂ ಸಾಕು. ಅದಕ್ಕೇ ಕೋಳಿಗೆ ಅಲರ್ಜಿ ಇರೋ ಕೆಲವು ನಾಯಿಗಳು ಹೈಡ್ರೊಲೈಸ್ಡ್ ಕೋಳಿಗೂ ಕೆರೆದುಕೊಳ್ತವೆ. ಮೂಲ ಪ್ರೋಟೀನ್ ಯಾವುದು ಅಂತ ವೈದ್ಯರನ್ನ ಕೇಳಿ ತಗೊಳ್ಳಿ.

ಎರಡನೆಯದು, ನಾಯಿ ಹಿಂದೆಂದೂ ತಿನ್ನದ ಮಾಂಸ. ಇಲ್ಲಿ ಕಾಂಗರೂ, ಮೊಸಳೆ ಎಲ್ಲ ಹೆಸರು ಕೇಳಿಬರುತ್ತೆ. ಮೊಸಳೆ ಬಗ್ಗೆ ಜೀವಶಾಸ್ತ್ರದವಳಾಗಿ ಒಂದು ಅಡ್ಡಮಾತು: ಬದುಕಿರೋ ಪ್ರಾಣಿಗಳಲ್ಲಿ ಹಕ್ಕಿಗಳಿಗೆ ಅತಿ ಹತ್ತಿರದ ನೆಂಟ ಮೊಸಳೆಯೇ! ಕೋಳಿ ಅಲರ್ಜಿ ಇದ್ದ ಒಬ್ಬ ಹುಡುಗನಿಗೆ ಮೊಸಳೆ ಮಾಂಸ ತಿಂದು ತೀವ್ರ ಪ್ರತಿಕ್ರಿಯೆ ಆದ ವರದಿ 2017ರಲ್ಲಿ ಬಂದಿದೆ, ಕಾರಣ ಪಾರ್ವಾಲ್ಬ್ಯುಮಿನ್ ಅನ್ನೋ ಸ್ನಾಯುವಿನ ಪ್ರೋಟೀನ್. ಅದು ಮನುಷ್ಯರ ವಿಷಯ, ನಾಯಿಗೂ ಹಾಗೇ ಅನ್ನೋಕಾಗಲ್ಲ. ಆದರೆ ಕೋಳಿ ಅನುಮಾನ ಇದ್ದರೆ ನಾನು ಮೊಸಳೆ ಆರಿಸಲ್ಲ. ಬಾತುಕೋಳಿಯಂತೂ ಇನ್ನೂ ಹತ್ತಿರ. ನನ್ನ ಪೆದ್ದುತನ ಅಲ್ಲೂ ಇತ್ತು.

ಕೀಟಗಳಿಂದ ಮಾಡಿದ ನಾಯಿ ಆಹಾರವೂ ಈಗ ಬಂದಿದೆ. ಸಿಂಗಪುರದ ಆಹಾರ ಸಂಸ್ಥೆ 2024ರ ಜುಲೈನಲ್ಲಿ 16 ಬಗೆಯ ಕೀಟಗಳನ್ನ ಮನುಷ್ಯರ ಆಹಾರಕ್ಕೂ ಒಪ್ಪಿದ ಮೇಲೆ ಇದರ ಮಾತು ಜೋರಾಗಿದೆ. ಪರಿಸರಕ್ಕೆ ಒಳ್ಳೆಯದೇ. ಆದರೆ ನುಸಿಯೂ ಕೀಟವೂ ಸಂಧಿಪದಿಗಳು, ಅವುಗಳ ಪ್ರೋಟೀನುಗಳಲ್ಲಿ ಹೋಲಿಕೆ ಇದೆ. ದಾಸ್ತಾನು ನುಸಿಗೆ ಅಲರ್ಜಿ ಇರೋ ನಾಯಿಗಳ ರಕ್ತದ ಪ್ರತಿಕಾಯ ಹಿಟ್ಟಿನ ಹುಳುವಿನ ಪ್ರೋಟೀನಿಗೂ ಅಂಟಿಕೊಳ್ಳುತ್ತೆ ಅಂತ 2021ರಲ್ಲಿ ತೋರಿಸಿದ್ದಾರೆ. ನುಸಿಗಳ ಈ ಊರಲ್ಲಿ ಕೀಟವನ್ನ 'ಹೊಸ ಪ್ರೋಟೀನ್' ಅಂತ ಕಣ್ಣುಮುಚ್ಚಿ ಕೊಡೋಕೆ ನನಗೆ ಧೈರ್ಯ ಇಲ್ಲ.

ಅಂಗಡಿಯಲ್ಲಿ 'ಒಂದೇ ಮಾಂಸ' ಅಂತ ಬರೆದ ಪ್ಯಾಕೆಟ್ ಸಿಗುತ್ತಲ್ಲ, ಅದನ್ನೂ ಈ ಪರೀಕ್ಷೆಗೆ ನಂಬಬೇಡಿ. 2013ರ ಒಂದು ಇಟಾಲಿಯನ್ ಅಧ್ಯಯನದಲ್ಲಿ ಅಂಥ 12 ಆಹಾರಗಳಲ್ಲಿ 10ರಲ್ಲಿ ಪಟ್ಟಿಯಲ್ಲಿಲ್ಲದ ಪ್ರಾಣಿಗಳ ಅಂಶ ಸಿಕ್ಕಿತು. ಕಾರ್ಖಾನೆಯ ಒಂದೇ ಯಂತ್ರದಲ್ಲಿ ಹಲವು ಬಗೆ ತಯಾರಾದರೆ ಬೆರಕೆ ಆಗೋದು ಸಹಜ.

ಮೂರನೆಯದು ಮನೆಯಲ್ಲೇ ಬೇಯಿಸಿ ಕೊಡೋದು. ಒಂದು ಹೊಸ ಮಾಂಸ, ಒಂದು ಹೊಸ ಗೆಡ್ಡೆ, ಉದಾಹರಣೆಗೆ ಗೆಣಸು. ಈರುಳ್ಳಿ, ಬೆಳ್ಳುಳ್ಳಿ ಹಾಕಲೇಬಾರದು, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೆಳೆದ ನಾಯಿಗೆ ಎಂಟು ವಾರ ಇದು ಪರವಾಗಿಲ್ಲ, ವರ್ಷಗಟ್ಟಲೆ ಆಗಲ್ಲ. ಕ್ಯಾಲ್ಸಿಯಂ, ಸತು ಕಮ್ಮಿಯಾಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ 200 ಮನೆ ಅಡುಗೆ ವಿಧಾನ ಪರಿಶೀಲಿಸಿದಾಗ ಶೇ. 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕೊರತೆ ಇತ್ತು. ಮರಿಗಳಿಗಂತೂ ವೈದ್ಯರನ್ನ ಕೇಳದೆ ಬೇಡ.

ನಾವು ಹೈಡ್ರೊಲೈಸ್ಡ್ ಸೋಯಾ ಆರಿಸಿಕೊಂಡ್ವಿ. ಆರನೇ ವಾರಕ್ಕೂ ಏನೂ ಬದಲಾವಣೆ ಇಲ್ಲ. ಪಶುವೈದ್ಯರು ಒಂದೊಂದೇ ಕೇಳ್ತಾ ಹೋದರು. ಹೃದಯದ ಹುಳು ಬಾರದಿರೋಕೆ ತಿಂಗಳಿಗೊಮ್ಮೆ ಕೊಡೋ ಮಾತ್ರೆ? ಅದರಲ್ಲಿ ದನದ ಮಾಂಸದ ರುಚಿ. ಹಲ್ಲುಜ್ಜೋ ಪೇಸ್ಟ್? ಕೋಳಿ ರುಚಿ. ಸೊಳ್ಳೆಗಳ ಈ ಊರಲ್ಲಿ ಆ ಔಷಧ ನಿಲ್ಲಿಸೋ ಹಾಗಿಲ್ಲ, ಚರ್ಮಕ್ಕೆ ಹಚ್ಚೋ ಔಷಧಕ್ಕೆ ಬದಲಾಯಿಸಿದರು. ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿದ್ದಾರೆ?"

ಅಮ್ಮ ಇದ್ದರು. ಮೈಸೂರಿಂದ ಮೂರು ತಿಂಗಳಿಗೆ ಬಂದಿದ್ದರು. ಮಧ್ಯಾಹ್ನ ನಾನು ಲ್ಯಾಬಿಗೆ ಹೋದಮೇಲೆ ದಿನಾ ಒಂದು ತುತ್ತು ಮೊಸರನ್ನ. ಕೇಳಿದ್ದಕ್ಕೆ, "ಪಾಪ ಕಣೇ, ಆ ಮರದ ಪುಡಿ ಥರದ್ದು ಎಷ್ಟು ದಿನ ತಿನ್ನುತ್ತೆ? ಮೊಸರು ತಂಪು ಅಲ್ವಾ, ಉರಿ ಕಮ್ಮಿ ಆಗಲಿ ಅಂತ ಕೊಟ್ಟೆ" ಅಂದರು. ಬೈಯೋಕೆ ನನಗೆ ಬಾಯಿ ಬರಲಿಲ್ಲ. ಉರಿಗೆ ಮೊಸರು ಅಂತ ಕಲಿಸಿದ್ದೂ ಅವರೇ, ನಾನೂ ಹಾಗೇ ಬೆಳೆದವಳು. ಅಲ್ಲದೆ ಈ ಪರೀಕ್ಷೆಯ ನಿಯಮವನ್ನ ನಾನು ಅವರಿಗೆ ಸರಿಯಾಗಿ ಹೇಳೇ ಇರಲಿಲ್ಲ.

ಮೊದಲಿಂದ ಶುರು ಮಾಡಿದ್ವಿ. ಫ್ರಿಜ್ಜಿಗೆ ಒಂದು ಹಾಳೆ ಅಂಟಿಸಿ, ದಿನಾ ರಾತ್ರಿ ತುರಿಕೆಗೆ ಹತ್ತಕ್ಕೆ ಎಷ್ಟು ಅಂತ ಅಮ್ಮನೇ ಅಂಕ ಬರೆದರು. ಎಂಟರಲ್ಲಿ ಇದ್ದದ್ದು ಏಳನೇ ವಾರಕ್ಕೆ ನಾಲ್ಕಕ್ಕೆ ಇಳೀತು.

ಇಲ್ಲಿಗೇ ಬಹಳ ಜನ ನಿಲ್ಲಿಸಿಬಿಡ್ತಾರೆ. ನಿಲ್ಲಿಸಬಾರದು. ಸುಧಾರಿಸಿದ್ದು ಆಹಾರದಿಂದಲೋ ಕಾಕತಾಳೀಯವೋ ಅಂತ ತಿಳಿಯೋಕೆ ಹಳೆಯ ಪದಾರ್ಥಗಳನ್ನ ಒಂದೊಂದೇ ಮರಳಿ ಕೊಟ್ಟು ನೋಡಬೇಕು, ಒಂದೊಂದಕ್ಕೂ ಎರಡು ವಾರ. ಅಲರ್ಜಿ ಇದ್ದರೆ ಶೇ. 90ಕ್ಕೂ ಹೆಚ್ಚು ನಾಯಿಗಳಲ್ಲಿ ಹದಿನಾಲ್ಕು ದಿನದೊಳಗೆ ತುರಿಕೆ ಮರಳುತ್ತೆ. ಹಿಂದೆ ಮುಖ ಊದಿಕೊಂಡಿದ್ದರೆ, ಉಸಿರಾಟಕ್ಕೆ ತೊಂದರೆ ಆಗಿದ್ದರೆ ಮನೇಲಿ ಇದನ್ನ ಮಾಡಲೇಬೇಡಿ.

ಬೆಲ್ಲನಿಗೆ ಕೋಳಿ ಕೊಟ್ವಿ. ಎರಡು ವಾರ ಕಳೀತು, ಏನೂ ಆಗಲಿಲ್ಲ. ಹನ್ನೊಂದು ತಿಂಗಳು ಆರೋಪ ಹೊತ್ತ ಕೋಳಿ ನಿರಪರಾಧಿ. ಮೊಸರು ಕೊಟ್ಟ ನಾಲ್ಕನೇ ದಿನ ರಾತ್ರಿ ಗೆಜ್ಜೆ ಸದ್ದು ಕೇಳಿಸ್ತು.

ನಾಲ್ಕಕ್ಕೆ ಇಳಿದ ತುರಿಕೆ ಸೊನ್ನೆಗೆ ಬರಲಿಲ್ಲ. ಉಳಿದದ್ದು ಆಹಾರದ್ದಲ್ಲ, ನುಸಿಯದ್ದು ಅಂತ ವೈದ್ಯರ ಅಭಿಪ್ರಾಯ. ಅದಕ್ಕೆ ಬೇರೆ ಚಿಕಿತ್ಸೆ ನಡೀತಿದೆ, ಹಾಸಿಗೆ ಬಟ್ಟೆಯನ್ನ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೀತೀವಿ, ಒಣ ಆಹಾರವನ್ನ ಸಣ್ಣ ಚೀಲದಲ್ಲೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡ್ತೀವಿ. ಊಟಕ್ಕೆ ಈಗ ಸಾಧಾರಣ ಬೆಲೆಯ ಕೋಳಿ-ಅಕ್ಕಿಯ ಆಹಾರ, ಹಾಲಿನ ಅಂಶ ಇಲ್ಲದ್ದು. ಅಮ್ಮ ವೀಡಿಯೊ ಕರೆಯಲ್ಲಿ ಮೊದಲು ಕೇಳೋದು ಇವತ್ತಿನ ಅಂಕ ಎಷ್ಟು ಅಂತ. ನಿನ್ನೆ ಎರಡು ಇತ್ತು.