ತುಂಗಾತೀರದಲ್ಲಿ ವಸಂತದ ಒಂದು ಪ್ರಯೋಗ

ವಸಂತದಲ್ಲಿ ಶಿವಮೊಗ್ಗದಿಂದ ತುಂಗಾ-ಭದ್ರಾ ಸಂಗಮವಾದ ಕೂಡಲಿಗೆ ವಿಹಾರ ಹೊರಡುವ ವಿದ್ಯಾರ್ಥಿಗಳು ಬುತ್ತಿಯೊಡನೆ ನೇರವಾದ ಕೋಲೊಂದನ್ನೂ ಒಯ್ಯಲಿ. ಹಗಲಿರುಳು ಸಮವಾಗುವ ಮಾರ್ಚ್ 20 ಅಥವಾ 21ರಂದು, ದಡದ ಸಮನೆಲದಲ್ಲಿ ಅದನ್ನು 1 ಮೀಟರ್ ಎತ್ತರಕ್ಕೆ ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟರೆ ಕೋಲು ಲಂಬವಾಗಿದೆಯೇ ಎಂಬುದು ತಿಳಿಯುತ್ತದೆ.

ನೆರಳಿನ ತುದಿಯನ್ನು ಐದೈದು ನಿಮಿಷಕ್ಕೆ ಗುರುತಿಸಿರಿ. ಅತ್ಯಂತ ಗಿಡ್ಡ ನೆರಳು ಬೀಳುವುದು 12 ಗಂಟೆಗಲ್ಲ. ಸುಮಾರು 12 ಗಂಟೆ 35 ನಿಮಿಷಕ್ಕೆ. ನಮ್ಮ ಗಡಿಯಾರಗಳು ಪೂರ್ವದ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುವುದೇ ಇದಕ್ಕೆ ಮುಖ್ಯ ಕಾರಣ.

ಆ ನೆರಳಿನ ಉದ್ದ ಸುಮಾರು 25 ಸೆಂಟಿಮೀಟರ್. ಅದನ್ನು ಕೋಲಿನ ಎತ್ತರದಿಂದ ಭಾಗಿಸಿದರೆ 0.25, ಇದು 14 ಡಿಗ್ರಿ ಕೋನದ ಟ್ಯಾಂಜೆಂಟ್. ಅಂದು ಸೂರ್ಯನು ಭೂಮಧ್ಯರೇಖೆಯ ನೆತ್ತಿಯ ಮೇಲಿರುವುದರಿಂದ, ಈ ಕೋನವೇ ನೀವು ನಿಂತ ಸ್ಥಳದ ಅಕ್ಷಾಂಶ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತೆ ಪರೀಕ್ಷಿಸಿರಿ: ಒಂದು ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ! ಸೂರ್ಯನನ್ನು ಮಾತ್ರ ನೇರವಾಗಿ ನೋಡಕೂಡದು. ನೆರಳೇ ಎಲ್ಲವನ್ನೂ ಹೇಳುತ್ತದೆ.