ತೆರೆಯ ವಿಡಿಯೊ, ಜೊತೆಗೆ ನಾಲ್ಕು ಸಾಲು

ಆ್ಯಪಿನ ದೋಷ ತಿಳಿಸಲು ಸ್ಕ್ರೀನ್ ರೆಕಾರ್ಡಿಂಗ್ ಒಂದೇ ಸಾಲದು. ಚಿಗಟೇರಿಯ ರೈತರೊಬ್ಬರು ಮೆಕ್ಕೆಜೋಳದ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಗೆ ಫೋಟೊ ಏರಿಸುತ್ತಿದ್ದಾರೆ ಎನ್ನಿ. ಚಕ್ರ ತಿರುಗಿ ತಿರುಗಿ ಪರದೆ ಥಟ್ಟನೆ ಬಿಳಿಚಿದರೆ, ಆ ಗಳಿಗೆಯನ್ನು ವಿಡಿಯೊದಷ್ಟು ಚೆನ್ನಾಗಿ ಯಾವ ಮಾತೂ ಹಿಡಿದುಕೊಡದು. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದೀಚೆಗೆ ಸ್ಕ್ರೀನ್ ರೆಕಾರ್ಡಿಂಗ್ ಸೌಲಭ್ಯ ಫೋನಿನಲ್ಲೇ ಇದೆ.

ಆದರೆ ಫೋನಿನ ಮಾದರಿ, ಆ್ಯಪಿನ ಆವೃತ್ತಿ, ಎಷ್ಟು ಸಲ ಹೀಗಾಯಿತು ಎಂಬುದನ್ನು ಬರೆದೇ ತಿಳಿಸಬೇಕು. ಏನು ಒತ್ತಿದ್ದು, ಏನಾಗಬೇಕಿತ್ತು, ಏನಾಯಿತು ಎಂದು ಕ್ರಮವಾಗಿ ಬರೆದರೆ ಸರಿಪಡಿಸುವವರು ಅದೇ ದೋಷವನ್ನು ತಮ್ಮಲ್ಲೂ ಬರಿಸಿ ನೋಡಬಹುದು. ದೋಷದ ಸಂದೇಶ ಅಕ್ಷರದಲ್ಲಿದ್ದರೆ ಹುಡುಕಿದಾಗ ಸಿಗುತ್ತದೆ. ಕಳಿಸುವ ಮುನ್ನ ಆಧಾರ್ ಸಂಖ್ಯೆ, ಒಟಿಪಿ ಕಾಣುವ ಭಾಗವನ್ನು ವಿಡಿಯೊದಿಂದ ಕತ್ತರಿಸಿ ತೆಗೆಯಲೇಬೇಕು.